ಕಿಟಕಿ ತೆರೆದಿಡಿ

ಫಿರಂಗಿ ಹಾರಿಸುವ ದಿನ ಬೆಳಿಗ್ಗೆ ಏಳಕ್ಕೆ
ಕಹಳೆಯವನು ಮನೆಮನೆ ಬಾಗಿಲಿಗೆ ಬಂದು
ಒಂದೇ ಮಾತು ಹೇಳಿ ಹೋಗುತ್ತಿದ್ದ:
ಕಿಟಕಿ ತೆರೆದಿಡಿ.
ಮುಚ್ಚಿದ್ದರೆ ಗಾಜು ಒಡೆಯುತ್ತದೆ, ದುಡ್ಡು ಸರ್ಕಾರ ಕೊಡುವುದಿಲ್ಲ.
ಅಮ್ಮ ಪಿಂಗಾಣಿ ತಟ್ಟೆಗಳನ್ನೆಲ್ಲ ಇಳಿಸಿ
ಹಾಸಿಗೆಯ ಮೇಲೆ ಮಲಗಿಸಿ ಕಂಬಳಿ ಹೊದಿಸುತ್ತಿದ್ದಳು,
ಜ್ವರದ ಮಕ್ಕಳಿಗೆ ಹೊದಿಸಿದಂತೆ.
ತಮ್ಮ ವರ್ಜಿಲ್ ಮೇಜಿನಡಿ ಸೇರುತ್ತಿದ್ದ,
ನಾಯಿ ಅವನಿಗಿಂತ ಮೊದಲು.

ಕೊಲಂಬಿಯಾ ನದಿ ಕಡಲಿಗೆ ಬೀಳುವ ಬಾಯಲ್ಲಿ
ಒಂದು ಗುಡ್ಡ. ಗುಡ್ಡದ ಹೊಟ್ಟೆ ಬಗೆದು ಕಾಂಕ್ರೀಟು.
ಮೂರು ಗುಂಡಿ, ಎರಡು ಫಿರಂಗಿ.
ಮೂರನೆಯದನ್ನು ಹದಿನೇಳನೇ ಇಸವಿಯಲ್ಲಿ ಬಿಚ್ಚಿ
ಫ್ರಾನ್ಸಿಗೆ ಕಳಿಸಿದರಂತೆ. ತಿರುಗಿ ಬರಲಿಲ್ಲ.
ಆ ಗುಂಡಿಯಲ್ಲಿ ಅಮ್ಮ ಕೋಳಿ ಸಾಕಿದಳು.
ದೇಶದ ಪಡುಬಾಗಿಲಲ್ಲಿ ಹನ್ನೊಂದು ಹೇಂಟೆ, ಒಂದು ಹುಂಜ.

ಅಪ್ಪ, ಸಾರ್ಜೆಂಟ್ ಆರಿನ್ ಟೀಗ್,
ಎಂಟು ಜನರ ಕಾವಲು ದಳಕ್ಕೆ ಹಿರಿಯ.
ಅವನ ಯುದ್ಧವೆಲ್ಲ ತುಕ್ಕಿನ ಜೊತೆ.
ಸೋಮವಾರ ಗ್ರೀಸು, ಮಂಗಳವಾರ ಬಣ್ಣ,
ಬುಧವಾರ ಹೋಗಿ ನೋಡಿದರೆ
ಸೋಮವಾರ ಒರೆಸಿದ ಕಡೆಯೇ ಕೆಂಪಗೆ ಹುಣ್ಣು.
"ಸರ್ಕಾರದ ಉಪ್ಪು ತಿನ್ನುವವರು ನಾವು ಎಂಟು ಮಂದಿ,
ಸರ್ಕಾರವನ್ನೇ ತಿನ್ನುವ ಉಪ್ಪು, ಅದೋ, ಅಷ್ಟು"
ಎಂದು ಸಮುದ್ರದ ಕಡೆ ಗದ್ದವೆತ್ತಿ ತೋರಿಸುತ್ತಿದ್ದ.

ಮಂಜು ಕವಿದರೂ ಪುಸ್ತಕ ತುಂಬಬೇಕು:
ಉಬ್ಬರ ಇಷ್ಟು ಅಡಿ, ಗಾಳಿ ನೈಋತ್ಯ,
ಶತ್ರು ಎಂಬ ಕಾಲಮಿಗೆ ಒಂದು ಅಡ್ಡಗೆರೆ.
ಇಪ್ಪತ್ತಾರು ವರ್ಷದ ಅಡ್ಡಗೆರೆಗಳನ್ನು ಜೋಡಿಸಿದ್ದರೆ
ಜಪಾನ್ ಮುಟ್ಟುತ್ತಿತ್ತೇನೋ.

ಬೇಸಿಗೆಯಲ್ಲಿ ಎರಡು ವಾರ ಪೋರ್ಟ್‌ಲೆಂಡಿನಿಂದ
ಗುಮಾಸ್ತರು, ಹಾಲು ಮಾರುವವರು
ಸಮವಸ್ತ್ರ ತೊಟ್ಟು ಹಾರಿಸಲು ಬರುತ್ತಿದ್ದರು.
ದೂರದಲ್ಲಿ ದೋಣಿಯೊಂದು ಎಳೆಯುವ ಕೆಂಪು ಬಟ್ಟೆಯೇ ಗುರಿ.
ಗೋಡೆಯ ಮೇಲಕ್ಕೆ ಫಿರಂಗಿ ತಲೆಯೆತ್ತಿ, ಗುಡುಗಿ,
ಥಟ್ಟನೆ ಕೆಳಗಿಳಿಯುತ್ತಿತ್ತು,
ಬೈದು ಬಾಗಿಲು ಹಾಕಿಕೊಳ್ಳುವ ನೆರೆಮನೆಯವಳ ಹಾಗೆ.
ಒಮ್ಮೆ ಗುಂಡು ದಾರಿ ತಪ್ಪಿ
ಏಯ್ನೋ ಲಂಪೇಲನ ಬಲೆಯ ಮೇಲೆ ಬಿತ್ತು.
ಮೂರು ಪ್ರತಿ ಅರ್ಜಿ; ಎರಡು ವರ್ಷದ ಮೇಲೆ ನಾಲ್ಕು ಡಾಲರು.
ನಮ್ಮ ಕೋಟೆ ಗೆದ್ದದ್ದು ಅಷ್ಟೇ:
ಬಲೆ ಒಂದು, ಅದರೊಳಗಿನ ಮೀನು.

ಕಾದರು. ನದಿಯ ಬಾಯಿ ಕಾದರು, ಹಡಗಿಗೆ ಕಾದರು,
ಆಗಸ್ಟಿನ ಬಿಸಿಲಲ್ಲಿ ಕಬ್ಬಿಣದ ಜೊತೆ ತಾವೂ ಕಾದರು.
ಕಾದಿದ್ದೊಂದೇ ಇಲ್ಲ.

ಇಳಿತದ ಹೊತ್ತಿಗೆ ಚಿಪ್ಪು ಹೆಕ್ಕಲು ಬರುತ್ತಿದ್ದಳು
ಸೆಲೀನ್ ಪೆಟಿ, ಚಿನೂಕ್ ಜನದ ಮುದುಕಿ.
ಹೊಸ ಸಿಪಾಯಿ ಪಾಸ್ ಕೇಳಿದ.
ಬುಟ್ಟಿ ಕೆಳಗಿಟ್ಟು ಗುಡ್ಡವನ್ನೊಮ್ಮೆ ನೋಡಿ ಅಂದಳು:
"ನಮ್ಮಜ್ಜಿಯ ಅಜ್ಜಿಯೂ ಇಲ್ಲೇ ಕೂತು ಹಡಗು ನೋಡಿದವಳು.
ನಿಮಗೆ ಬರಲಿಲ್ಲ. ನಮಗೆ ಬಂತು."
ಸಿಪಾಯಿಗೆ ತಿಳಿಯಲಿಲ್ಲ. ಅಪ್ಪ ಆ ರಾತ್ರಿ
ಹುರುಳಿಕಾಯಿ ತಟ್ಟೆಯ ಅಂಚಿಗೆ ಸರಿಸುತ್ತ ಕೂತ.
ಬೆಳಿಗ್ಗೆ ಅವಳ ಹೆಸರಿಗೊಂದು ಪಾಸ್ ಬರೆದ,
ಕೊನೆಯ ದಿನಾಂಕವಿಲ್ಲದ್ದು,
ಅವಳ ನೆಲದ ಮೇಲೆ ಅವಳು ನಡೆದಾಡಲು.
ಅವಳು ಅದರಲ್ಲಿ ಹೊಗೆಸೊಪ್ಪು ಸುತ್ತಿ ಸೇದಿದಳೆಂದು ಕೇಳಿದ್ದೇನೆ.

ನಲವತ್ತೇಳರ ಮಾರ್ಚಿನಲ್ಲಿ ಗುಜರಿಯವರು ಬಂದರು,
ಇಬ್ಬರು ಹುಡುಗರು, ಒಂದು ಲಾರಿ, ಎರಡು ಗ್ಯಾಸ್ ಸಿಲಿಂಡರು.
ಹಿಂದಿನ ರಾತ್ರಿ ಅಪ್ಪ ಲಾಟೀನು ಹಿಡಿದು ಹೋಗಿ
ಎರಡಕ್ಕೂ ಗ್ರೀಸು ಹಚ್ಚಿ ಬಂದಿದ್ದ,
ಹೆಣಕ್ಕೆ ಎಣ್ಣೆ ಹಚ್ಚುವವರ ಮೌನದಲ್ಲಿ.
ಬೆಳಿಗ್ಗೆ ಅದೇ ಗ್ರೀಸಿಗೆ ಬೆಂಕಿ ತಗುಲಿ
ಹುಡುಗರು ಬೈದರು.

ಅಮ್ಮನಿಗೆ ಯಾರೂ ಹೇಳಿರಲಿಲ್ಲ.
ತಟ್ಟೆ ಇಳಿಸಿದಳು, ಹಾಸಿಗೆ ಮೇಲೆ ಮಲಗಿಸಿದಳು,
ಮನೆಯ ಒಂಬತ್ತು ಕಿಟಕಿಯನ್ನೂ ತೆರೆದಳು.
ನೀಲಿ ಉರಿ ಸುಯ್ ಎನ್ನುತ್ತಿತ್ತು, ಅಷ್ಟೇ ಸದ್ದು.
ಮಧ್ಯಾಹ್ನದವರೆಗೆ ಕೂತಿದ್ದಳು.
ಪರದೆ ಒದ್ದೆಯಾಯಿತು.
ಕೋಳಿಗಳಿಗೆ ಕಾಳು ಹಾಕಲು ಆಮೇಲೆ ಎದ್ದಳು.